ಹುಲ್ಲು ಹೊಡೆಯೋ ಮಿಷನ್: ಸೈಡ್ ಪ್ಯಾಕೋ, ಬ್ಯಾಕ್ ಪ್ಯಾಕೋ? ಹೆಗಲು ನೋಯದ ಬೆಲ್ಟ್ ಯಾವುದು?

ಧರೆಮೇಲಿನತೋಟ:
ಎಲ್ಲರಿಗೂ ನಮಸ್ಕಾರ. ಸಾಗರದ ಕಡೆ ಎರಡೂವರೆ ಎಕರೆ ಅಡಿಕೆ, ಮಧ್ಯೆ ಕಾಳುಮೆಣಸು. ಅರ್ಧ ಸಮತಟ್ಟು, ಉಳಿದದ್ದು ಮೆಟ್ಟಿಲು ಮೆಟ್ಟಿಲಾಗಿ ಧರೆ (ಮಣ್ಣಿನ ಕಡಿದಾದ ಏರು). ಈಗಿರೋದು 2 ಸ್ಟ್ರೋಕಿನ ಹಳೇ ಸೈಡ್ ಪ್ಯಾಕ್, ಅಂದ್ರೆ ಬೆಲ್ಟಲ್ಲಿ ಪಕ್ಕಕ್ಕೆ ನೇತಾಡೋ ಮಿಷನ್. ಒಂದು ಟ್ಯಾಂಕ್ ಮುಗಿಯೋದ್ರೊಳಗೆ ಎಡ ಹೆಗಲು, ಕುತ್ತಿಗೆ ಹಿಡ್ಕೊಳುತ್ತೆ, ಬೆರಳು ಜೋಮು ಬರುತ್ತೆ. ಎತ್ತರ 5 ಅಡಿ 3 ಇಂಚು, ತೂಕ 55 ಕೆಜಿ. ಹೊಸದು ತಗೋಬೇಕು. ಅಂಗಡಿಯವ್ರು "52 ಸಿಸಿ ತಗೊಳಿ, ಏನಿದ್ರೂ ಕಡಿಯುತ್ತೆ" ಅಂತಾರೆ. ನನಗೆ ಬೇಕಿರೋದು ಮೈಗೆ ಆರಾಮ ಆಗೋದು. ತಿಳಿದವ್ರು ಹೇಳಿ.

ಸೋಗೆಗೂಡು:
ಆಳಿಗೆ ಕೊಟ್ಟು ಕಟ್ಟೆ ಮೇಲೆ ಕೂತ್ಕೊಳಿ. ಅದಕ್ಕಿಂತ ಆರಾಮ ಯಾವ ಬೆಲ್ಟಲ್ಲೂ ಇಲ್ಲ.

ಧರೆಮೇಲಿನತೋಟ:
ಆಳು ಸಿಗೋ ಹಾಗಿದ್ರೆ ಈ ಪ್ರಶ್ನೇನೇ ಬರ್ತಿರ್ಲಿಲ್ಲ ಸ್ವಾಮಿ.

ಗೇರ್‌ಹೆಡ್:
ಎಡ ಹೆಗಲು ಮಾತ್ರ ನೋಯುತ್ತೆ ಅಂದ್ರೆ ಬೆಲ್ಟ್ ಒಂಟಿ ಪಟ್ಟಿಯದ್ದು, ಅಲ್ವಾ? ಮಿಷನ್ ನೇತಾಡೋದು ಬಲಗಡೆ, ಪಟ್ಟಿ ಕೂರೋದು ಎಡ ಹೆಗಲ ಮೇಲೆ. ಏಳೆಂಟು ಕೆಜಿ ಪೂರ್ತಿ ಕುತ್ತಿಗೆ ಪಕ್ಕದ ಒಂದು ಸ್ನಾಯು ಮೇಲೆ ಬೀಳುತ್ತೆ. ಯಾವ ಕಂಪನಿ ಮಿಷನ್ ಆದ್ರೂ ಇದೇ ಕಥೆ. ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದಲ್ಲೇ ಇದೆ: ಇಂಧನ ಇಲ್ಲದೆ 7.5 ಕೆಜಿ ದಾಟಿದ ಯಂತ್ರಕ್ಕೆ ಎರಡೂ ಹೆಗಲಿನ ಬೆಲ್ಟ್ ಇರಲೇಬೇಕು. ಆದರೆ ಡಬ್ಬದೊಳಗೆ ಮಡಚಿ ಇಟ್ಟಿರೋ ಆ ತೆಳು ನೈಲಾನ್ ಪಟ್ಟಿ ನೋಡಿದ್ರೆ ಕಟ್ಟಿಗೆ ಹೊರೆ ಕಟ್ಟೋಕೂ ಸಾಲದು.

52 ಸಿಸಿ ಮಾತು ಅಲ್ಲೇ ಬಿಡಿ. ಅಡಿಕೆ ತೋಟದ ಹುಲ್ಲಿಗೆ 30–35 ಸಿಸಿ ಧಾರಾಳ. ಸಿಸಿ ನೋಡೋ ಬದಲು ಕಿಲೋವಾಟ್ ನೋಡಿ, ಆಮೇಲೆ ತೂಕ ನೋಡಿ. ಸ್ಟಿಲ್ ಎಫ್‌ಎಸ್ 120 ಇದೆಯಲ್ಲ, 30.8 ಸಿಸಿಯಲ್ಲೇ 1.3 ಕಿಲೋವಾಟ್, ತೂಕ 6.3 ಕೆಜಿ. ಅದೇ ತೂಕದಲ್ಲಿ ಎಫ್‌ಎಸ್ 250, 40.2 ಸಿಸಿ, 1.6 ಕಿಲೋವಾಟ್. ಹೋಂಡಾದ 4 ಸ್ಟ್ರೋಕ್ ಜಿಎಕ್ಸ್35 ಇಂಜಿನ್ 35.8 ಸಿಸಿ, 1 ಕಿಲೋವಾಟ್ ಆಸುಪಾಸು. ಸಿಸಿ ಜಾಸ್ತಿ ಅಂದ ಮಾತ್ರಕ್ಕೆ ಬಲ ಜಾಸ್ತಿ ಅಂತಲ್ಲ, ತೂಕ ಮತ್ತು ನಡುಕ ಮಾತ್ರ ಜಾಸ್ತಿ ಇರೋದುಂಟು.

ಘಟ್ಟದಕೆಳಗೆ:
ಧರೆ ಉಂಟು ಅಂತ ಅವರೇ ಬರ್ದಿದ್ದಾರೆ. ಮತ್ತೆ ಸೈಡ್ ಪ್ಯಾಕ್ ಯಾಕೆ ಮಾರಾಯ್ರೆ? ಪುತ್ತೂರು, ಸುಳ್ಯದ ಕಡೆ ಗುಡ್ಡದ ತೋಟಕ್ಕೆ ಬ್ಯಾಕ್ ಪ್ಯಾಕ್ ಹೊರುವವರೇ ಬೇಕಾದಷ್ಟು. ಇಂಜಿನ್ ಬೆನ್ನ ಮೇಲೆ, ಕೈಯಲ್ಲಿ ಬರೀ ಪೈಪ್. ಧರೆಯ ಬುಡದ ಹುಲ್ಲನ್ನು ಕೆಳಗೆ ನಿಂತು ಮೇಲಕ್ಕೆ ಹೊಡೀಬಹುದು, ಪೈಪ್ ಯಾವ ಕಡೆಗೂ ತಿರುಗ್ತದೆ.

ಗೇರ್‌ಹೆಡ್:
@ಘಟ್ಟದಕೆಳಗೆ ಅದೆಲ್ಲ ಸರಿ. ಆದರೆ 55 ಕೆಜಿ ಮೈಗೆ 10 ಕೆಜಿ ಆಸುಪಾಸಿನ ಬ್ಯಾಕ್ ಪ್ಯಾಕ್ ಹೊರಿಸ್ತಿದ್ದೀರಿ. ಬಿಸಿ ಬೆನ್ನಿಗೆ, ಸದ್ದು ಕಿವಿ ಪಕ್ಕದಲ್ಲೇ. ನಿಂತುಹೋದ್ರೆ ಬೆನ್ನಿಂದ ಇಳಿಸಿ ಹಗ್ಗ ಎಳೀಬೇಕು, ಇಲ್ಲಾಂದ್ರೆ ಇನ್ನೊಬ್ಬರು ಹಿಂದೆ ನಿಂತು ಎಳೀಬೇಕು. ಜಾರುವ ಧರೆ ಮೇಲೆ ಕಾಲು ತಪ್ಪಿದ್ರೆ ಸೈಡ್ ಪ್ಯಾಕನ್ನ ಒಂದು ಪಿನ್ ಎಳೆದು ಬೀಳಿಸಬಹುದು. ಬ್ಯಾಕ್ ಪ್ಯಾಕ್ ಜೊತೆ ನೀವೂ ಬೀಳ್ತೀರಿ.

ಘಟ್ಟದಕೆಳಗೆ:
ಸೊಂಟದ ಬಕಲ್ ಬಿಚ್ಚಿದ್ರೆ ಹಿಂದಕ್ಕೆ ಜಾರ್ತದೆ ಮಾರಾಯ್ರೆ, ಅಷ್ಟೇನೂ ಕಷ್ಟ ಇಲ್ಲ. ಎದೆಯ ಪಟ್ಟಿ ಹಾಕ್ಕೊಂಡ್ರೆ ಮಾತ್ರ ಎರಡು ಬಕಲ್ ಬಿಚ್ಚಬೇಕು. ಅದಕ್ಕೇ ಧರೆಯಲ್ಲಿ ಎದೆ ಪಟ್ಟಿ ಹಾಕುವುದಿಲ್ಲ ಯಾರೂ. ಮತ್ತೆ ಇನ್ನೊಂದು ನೋಡಿ: ಸೈಡ್ ಪ್ಯಾಕಿನ ಇಂಜಿನ್ ಬಲಕ್ಕೆ, ಹಿಂದಕ್ಕೆ ಚಾಚಿಕೊಂಡು ಇರ್ತದೆ. ಬಲಗಡೆ ಧರೆ ಇಟ್ಟುಕೊಂಡು ನಡೆದ್ರೆ ಪ್ರತಿ ಸಲ ತಿರುಗುವಾಗ ಇಂಜಿನ್ ಧರೆಗೆ ಗುದ್ದುತ್ತದೆ. ಕುಳ್ಳಗಿದ್ದವರಿಗೆ ಇನ್ನೂ ಜಾಸ್ತಿ.

ಕಾಫಿಸಾಲು:
ಬಲಗಡೆ ಧರೆ ಬೇಡ ಅಂದ್ರೆ ಎಡಗಡೆ ಇಟ್ಕೊಳ್ಳಿ, ಅಷ್ಟೇ ಅಲ್ವಾ?

ಘಟ್ಟದಕೆಳಗೆ:
ಅಲ್ಲ. ಬ್ಲೇಡ್ ಮೇಲಿನಿಂದ ನೋಡಿದ್ರೆ ಗಡಿಯಾರಕ್ಕೆ ಉಲ್ಟಾ ತಿರುಗ್ತದೆ. ಬಲದಿಂದ ಎಡಕ್ಕೆ ಬೀಸಿದಾಗ ಕಡಿದದ್ದು ಎಡಕ್ಕೆ ಬೀಳ್ತದೆ. ಎಡಗಡೆ ಏರು ಇದ್ದರೆ ಕಡಿದ ಹುಲ್ಲು ಮೇಲೆ ಬಿದ್ದು, ವಾಪಸ್ ಜಾರಿ ನಿಮ್ಮ ಕಾಲಿಗೇ ಬರ್ತದೆ, ಇನ್ನೂ ಕಡಿಯದ ಹುಲ್ಲಿನ ಮೇಲೂ ಬೀಳ್ತದೆ. ಬಲಕ್ಕೆ ಏರು, ಎಡಕ್ಕೆ ಇಳಿಜಾರು, ಕೆಳಗಿನ ಸಾಲಿನಿಂದ ಶುರು ಮಾಡಿ ಅಡ್ಡಡ್ಡ ಹೋಗುತ್ತಾ ಮೇಲೆ ಹತ್ತಬೇಕು. ಆಗ ಕಸ ಎಲ್ಲ ಮುಗಿದ ಭಾಗಕ್ಕೆ ಉರುಳ್ತದೆ. ಅದಕ್ಕೇ ಹೇಳಿದ್ದು, ಧರೆಗೆ ಬೆನ್ನಿನ ಮಿಷನ್ನೇ ಸರಿ.

ಕಾಫಿಸಾಲು:
ಒಪ್ಪಿದೆ. ಆದರೆ ಇವರದ್ದು ಅರ್ಧ ಸಮತಟ್ಟು. ಸಮತಟ್ಟಿಗೆ ಬ್ಯಾಕ್ ಪ್ಯಾಕ್ ಶುದ್ಧ ಶಿಕ್ಷೆ. ಬೆನ್ನು ತೂಕ ಹೊತ್ತರೂ ಬೀಸೋ ಕೆಲಸ ಪೂರ್ತಿ ತೋಳಿಗೇ ಬರುತ್ತೆ. ಯಾಕಂದ್ರೆ ಪೈಪು ಸೊಂಟಕ್ಕೆ ಆತುಕೊಂಡಿರಲ್ಲ. ಸೈಡ್ ಪ್ಯಾಕಲ್ಲಿ ಸೊಂಟ ತಿರುಗಿಸಿದ್ರೆ ಮಿಷನ್ ತಾನೇ ಬೀಸುತ್ತೆ, ಕೈ ದಾರಿ ತೋರಿಸಿದ್ರೆ ಸಾಕು.

ಮಧ್ಯದ ದಾರಿ ಒಂದಿದೆ. ಸೈಡ್ ಪ್ಯಾಕಲ್ಲೇ ಸೈಕಲ್ ಹ್ಯಾಂಡಲ್ ಬಿಟ್ಟು ಪೈಪಿಗೇ ಬಳೆಯ ಹಾಗೆ ಕೂರೋ ಲೂಪ್ ಹ್ಯಾಂಡಲ್ ಇರೋದು ತಗೊಳಿ. ಸೈಕಲ್ ಹ್ಯಾಂಡಲ್ ಬಯಲಿಗೆ ಚೆನ್ನ, ಕಿರಿದಾದ ಧರೆಯಲ್ಲಿ, ಗಿಡದ ಸಂದಿಯಲ್ಲಿ ಎರಡೂ ಕಡೆ ತಾಗುತ್ತೆ. ಲೂಪಾದ್ರೆ ಪೈಪನ್ನ ವಾಲಿಸಿ ಹಿಡೀಬಹುದು. ಒಂದೇ ಎಚ್ಚರಿಕೆ: ಲೂಪಿನ ಜೊತೆ ಲೋಹದ ಬ್ಲೇಡ್ ಹಾಕೋದಾದ್ರೆ ಎಡಕ್ಕೆ ಚಾಚಿರೋ ಅಡ್ಡಕೋಲು ಇರಲೇಬೇಕು. ಅದಿಲ್ಲದಿದ್ರೆ ಹಿಂದೆ ಚಿಮ್ಮಿದ ಬ್ಲೇಡ್ ನೇರ ಕಾಲಿಗೆ.

ಬಯಲುಸೀಮೆಬಸವ:
ನಮ್ ಕಡೆ ಧರೀನೂ ಇಲ್ಲ, ದಿಬ್ಬಾನೂ ಇಲ್ಲ ನೋಡ್ರಿ. ಕಾಂಗ್ರೆಸ್ ಕಸ, ಕರಕಿ, ಜೇಕು ಇಷ್ಟ. ಇದಕ್ಕ ಯಾವ್ದು ಬೇಕ್ರಿ?

ಕಾಫಿಸಾಲು:
@ಬಯಲುಸೀಮೆಬಸವ ಸಮನೆಲಕ್ಕೆ ಸೈಡ್ ಪ್ಯಾಕ್, ಸೈಕಲ್ ಹ್ಯಾಂಡಲ್, ಬ್ಲೇಡ್ ಬದಲು ನೈಲಾನ್ ದಾರ. ಕಾಂಗ್ರೆಸ್ ಕಸವನ್ನ ಹೂ ಬಿಡೋ ಮೊದಲೇ ಹೊಡೀರಿ, ಮಾಸ್ಕ್ ಹಾಕ್ಕೊಂಡು. ಹೂ ಬಿಟ್ಟ ಮೇಲೆ ಹೊಡೆದ್ರೆ ಪರಾಗ ಎಲ್ಲ ಮೂಗಿಗೆ ಹೋಗಿ ಅಲರ್ಜಿ. ಜೇಕು ಮಾತ್ರ ಮಿಷನ್ನಿಗೆ ಬಗ್ಗಲ್ಲ, ಗೆಡ್ಡೆ ಕೆಳಗಿರುತ್ತೆ.

ಗೇರ್‌ಹೆಡ್:
ಚರ್ಚೆ ಮಿಷನ್ ಕಡೆಗೇ ಹೋಗ್ತಿದೆ. ಬೆಲ್ಟ್ ಸರಿಯಾಗಿ ಹೊಂದಿಸದಿದ್ರೆ ಐವತ್ತು ಸಾವಿರದ ಮಿಷನ್ನೂ ನೋಯಿಸುತ್ತೆ, ಹೊಂದಿಸಿದ್ರೆ ಹಳೇದೂ ಹಗುರ ಆಗುತ್ತೆ. ಇದನ್ನ ಅಂಗಡೀಲಿ ಯಾರೂ ತೋರಿಸಲ್ಲ, ಹಾಗಾಗಿ ವಿವರವಾಗಿ ಬರೀತೀನಿ.

ತಗೊಳೋ ಬೆಲ್ಟ್ ಹೀಗಿರಲಿ: ಎರಡು ಹೆಗಲ ಪಟ್ಟಿ, ಎರಡೂ ಕನಿಷ್ಠ ಮೂರು ಬೆರಳಗಲ, ಒಳಗೆ ಒತ್ತಿದ್ರೆ ಪೂರ್ತಿ ಚಪ್ಪಟೆಯಾಗದ ಸ್ಪಾಂಜ್. ಸೊಂಟಕ್ಕೆ ಪ್ರತ್ಯೇಕ ಅಗಲ ಪಟ್ಟಿ. ಬಲ ತೊಡೆಯ ಮೇಲೆ ಗಟ್ಟಿ ಪ್ಲಾಸ್ಟಿಕ್ ಹಲಗೆ, ಅದರ ಮೇಲೆ ಕೊಕ್ಕೆ. ಕೊಕ್ಕೆ ಪಕ್ಕದಲ್ಲಿ ಎಳೆದ ತಕ್ಷಣ ಮಿಷನ್ ಕಳಚಿಕೊಳ್ಳೋ ತುರ್ತು ಪಿನ್. ಇಷ್ಟರಲ್ಲಿ ಸೊಂಟದ ಪಟ್ಟಿ ಇಲ್ಲದ್ದನ್ನ ಡಬಲ್ ಅಂತ ಮಾರಿದ್ರೆ ವಾಪಸ್ ಕೊಡಿ. ಎರಡು ಹೆಗಲಿಗೆ ನೋವು ಹಂಚಿದ ಹಾಗಾಗುತ್ತೆ ಅಷ್ಟೆ, ಕಡಿಮೆ ಆಗಲ್ಲ.

ಹಾಕೋ ಕ್ರಮ. ಮೊದಲು ಎಲ್ಲ ಪಟ್ಟಿ ಸಡಿಲ. ಸೊಂಟದ ಪಟ್ಟಿ ಸೊಂಟದ ಎಲುಬಿನ ಮೇಲಂಚಿಗೆ ಕೂರೋ ಹಾಗೆ ಇಟ್ಟು ಬಿಗಿಮಾಡಿ. ಹೊಟ್ಟೆ ಮೇಲೆ ಕಟ್ಟಿದ್ರೆ ಐದು ನಿಮಿಷಕ್ಕೆ ಜಾರುತ್ತೆ. ಆಮೇಲೆ ಹೆಗಲ ಪಟ್ಟಿ, ಕೆಳಗೆ ಎರಡು ಬೆರಳು ಹೋಗೋವಷ್ಟು ಜಾಗ ಬಿಟ್ಟು. ಕೊನೆಗೆ ಎದೆ ಪಟ್ಟಿ, ಉಸಿರು ಪೂರ್ತಿ ಎಳೆದುಕೊಂಡಾಗ ಒತ್ತದ ಹಾಗೆ. ಕೊಕ್ಕೆ ಬಲ ಸೊಂಟದ ಎಲುಬಿಗಿಂತ ಒಂದು ಅಂಗೈ ಅಗಲ ಕೆಳಗೆ ಬರಬೇಕು. ನೂರಕ್ಕೆ ತೊಂಬತ್ತು ಜನರದ್ದು ಸೊಂಟಕ್ಕಿಂತ ಮೇಲೇ ನೇತಾಡ್ತಿರುತ್ತೆ. ಆಗ ಹ್ಯಾಂಡಲ್ ಎದೆಗೆ ಬರುತ್ತೆ, ಭುಜ ಎತ್ತಿ ಹಿಡಿದೇ ಕೆಲಸ ಮಾಡ್ಬೇಕು, ಕುತ್ತಿಗೆ ಹೋಯ್ತು.

ಈಗ ತೂಗು ನೋಡಬೇಕು. ಹಾಕೋ ಬ್ಲೇಡೋ ದಾರದ ತಲೆಯೋ, ಗಾರ್ಡ್ ಸಮೇತ ಜೋಡಿಸಿ, ಪೆಟ್ರೋಲ್ ಅರ್ಧ ಟ್ಯಾಂಕ್ ಹಾಕಿ, ಇಂಜಿನ್ ಆಫ್. ಕೊಕ್ಕೆಗೆ ಸಿಕ್ಕಿಸಿ ಎರಡೂ ಕೈ ಬಿಟ್ಟುಬಿಡಿ. ದಾರದ ತಲೆ ಅಥವಾ ಹುಲ್ಲಿನ ಬ್ಲೇಡ್ ಆದ್ರೆ ತಲೆ ನೆಲಕ್ಕೆ ಸುಮ್ಮನೆ ತಾಗಿ ನಿಲ್ಲಬೇಕು. ಗರಗಸದಂಥ ದುಂಡು ಬ್ಲೇಡ್ ಆದ್ರೆ ನೆಲದಿಂದ ಸುಮಾರು 20 ಸೆಂಟಿಮೀಟರ್ ಮೇಲೆ ತೇಲ್ಬೇಕು. ತಲೆ ನೆಲಕ್ಕೆ ಒತ್ತುತ್ತಿದ್ರೆ ಪೈಪಿನ ಮೇಲೆ ಕೊಕ್ಕೆ ಸಿಕ್ಕಿಸೋ ಬಳೆ ಸಡಿಲ ಮಾಡಿ ತಲೆ ಕಡೆಗೆ ಸರಿಸಿ, ತಲೆ ಮೇಲಕ್ಕೆ ಏಳುತ್ತಿದ್ರೆ ಇಂಜಿನ್ ಕಡೆಗೆ. ಒಂದು ಸಲಕ್ಕೆ ಒಂದು ಬೆರಳಗಲ, ಜಾಸ್ತಿ ಬೇಡ.

ಎರಡೆಕರೆ:
ಅರ್ಧ ಟ್ಯಾಂಕ್ ಯಾಕೆ? ಫುಲ್ ಇದ್ದಾಗ ನೋಡಿದ್ರೇನು?

ಗೇರ್‌ಹೆಡ್:
ಜಿಎಕ್ಸ್35 ಟ್ಯಾಂಕ್ 0.63 ಲೀಟರ್, ಅಂದ್ರೆ ಪೆಟ್ರೋಲೇ ಸುಮಾರು 450 ಗ್ರಾಂ. ಅದು ಇರೋದು ಹಿಂದಿನ ತುದೀಲಿ. ಫುಲ್ಲಲ್ಲಿ ಹೊಂದಿಸಿದ್ರೆ ಮುಗೀತಾ ಬಂದ ಹಾಗೆ ಹಿಂಬದಿ ಹಗುರ ಆಗಿ ತಲೆ ನೆಲಕ್ಕೆ ಕುಕ್ಕುತ್ತೆ, ಆಗ ಗೊತ್ತಾಗದ ಹಾಗೆ ಎಡಗೈ ಅದನ್ನ ಎತ್ತಿ ಹಿಡಿದಿರುತ್ತೆ. ಅರ್ಧದಲ್ಲಿ ಹೊಂದಿಸಿದ್ರೆ ವ್ಯತ್ಯಾಸ ಎರಡೂ ಕಡೆ ಹಂಚಿಹೋಗುತ್ತೆ. ಬ್ಲೇಡಿಂದ ದಾರಕ್ಕೆ ಬದಲಾಯಿಸಿದಾಗ್ಲೂ ಮತ್ತೆ ನೋಡ್ಬೇಕು.

ಮಲೆನಾಡಹೆಣ್ಣುಮಗಳು:
ಕುಳ್ಳಗಿರೋರಿಗೆ ಒಂದು ತಾಪತ್ರಯ ಯಾರೂ ಹೇಳ್ತಿಲ್ಲ. "ಫ್ರೀ ಸೈಜ್" ಬೆಲ್ಟ್‌ಗಳು ಆರಡಿ ಗಂಡಸರ ಅಳತೆ. ಪಟ್ಟಿ ಪೂರ್ತಿ ಎಳೆದ ಮೇಲೂ ಕೊಕ್ಕೆ ಮೊಣಕಾಲ ಹತ್ರ ಬರುತ್ತೆ. ಗಂಟು ಹಾಕ್ಬೇಡಿ, ಗಂಟಿನ ಜಾಗದಲ್ಲಿ ಚರ್ಮ ಕಿತ್ತು ಬರುತ್ತೆ. ಬ್ಯಾಗ್ ರಿಪೇರಿ ಮಾಡೋರ ಹತ್ರ ಬೆನ್ನಿನ ಭಾಗದ ಪಟ್ಟಿ ಕತ್ತರಿಸಿ ಮೇಲಿಂದ ಮೇಲೆ ಚೌಕಾಕಾರದಲ್ಲಿ, ಮಧ್ಯೆ ಗುಣಿಸು ಚಿಹ್ನೆ ಬರೋ ಹಾಗೆ ಹೊಲಿಸಿ. ಅಂಥ ಹೊಲಿಗೆ ಬಿಚ್ಚಲ್ಲ.

ಹೆಂಗಸರು ಹಾಕೋದಾದ್ರೆ ಎದೆ ಪಟ್ಟಿ ಮೇಲೆ ಕೆಳಗೆ ಸರಿಯೋ ಥರದ್ದು ನೋಡಿ, ಕತ್ತಿನ ಕೆಳಗಿನ ಎಲುಬಿನ ಹತ್ರ ತಂದ್ರೆ ಒತ್ತಲ್ಲ. ಒಂದೇ ಜಾಗದಲ್ಲಿ ಹೊಲಿದಿರೋದು ಬೇಡ. ಮಿಷನ್ ವಿಷಯಕ್ಕೆ ಬಂದ್ರೆ 25 ಸಿಸಿ 4 ಸ್ಟ್ರೋಕು, 6 ಕೆಜಿ ಆಸುಪಾಸು. ವರ್ಷಕ್ಕೆ ಮೂರು ಸಲ ಹೊಡೆಯೋ ತೋಟಕ್ಕೆ ಅದೇ ಸಾಕು. ಹುಲ್ಲನ್ನ ಸೊಂಟದ ಎತ್ತರಕ್ಕೆ ಬಿಟ್ಟು ಆಮೇಲೆ ಮಿಷನ್ ಎಳೆಯಲ್ಲ ಅಂದ್ರೆ ಅದು ಮಿಷನ್ ತಪ್ಪಲ್ಲ.

ಧರೆಮೇಲಿನತೋಟ:
ಅಕ್ಕಾ, ಇದು ತುಂಬ ಉಪಯೋಗ ಆಯ್ತು. ಬೆರಳು ಜೋಮಿಗೆ ಏನು ಕಾರಣ?

ಗೇರ್‌ಹೆಡ್:
ಜೋಮನ್ನ ಹಗುರಾಗಿ ತಗೋಬೇಡಿ. ಬಹಳ ಕಾಲ ಹೀಗೇ ಹೋದ್ರೆ ಬೆರಳ ತುದಿ ಬಿಳುಚಿಕೊಳ್ಳೋದು, ಚಳೀಲಿ ಸ್ಪರ್ಶ ಹೋಗೋದು ಶುರುವಾಗುತ್ತೆ, ಆಮೇಲೆ ವಾಪಸ್ ಬರೋದು ಕಷ್ಟ. ಯುರೋಪಿನಲ್ಲಿ 2002ರ ನಿಯಮದ ಪ್ರಕಾರ ಕೈಗೆ ಬರೋ ನಡುಕ 8 ಗಂಟೆ ಸರಾಸರಿ 2.5 ಮೀ/ಸೆ² (ನಡುಕ ಅಳೆಯೋ ಮಾನ) ದಾಟಿದ್ರೆ ಮಾಲೀಕ ಕ್ರಮ ತಗೋಬೇಕು, 5 ದಾಟುವ ಹಾಗೇ ಇಲ್ಲ. ಲೆಕ್ಕ ಸರಳ ಅಲ್ಲ: ನಡುಕ ಎರಡು ಪಟ್ಟಾದ್ರೆ ಕೆಲಸದ ಹೊತ್ತು ಕಾಲು ಭಾಗಕ್ಕೆ ಇಳಿಯುತ್ತೆ. ಅಂದ್ರೆ ಮಿಷನ್ 5 ಇದ್ರೆ ಆ ಮೊದಲ ಗೆರೆ ಎರಡೇ ಗಂಟೆಗೆ ಮುಟ್ಟುತ್ತೆ. ಒಳ್ಳೇ ಕಂಪನಿ ಕೈಪಿಡೀಲಿ ಎಡ ಹಿಡಿ, ಬಲ ಹಿಡಿ ಅಂತ ಬೇರೆ ಬೇರೆ ಅಂಕಿ ಕೊಟ್ಟಿರ್ತಾರೆ. ಎರಡರಲ್ಲಿ ದೊಡ್ಡದನ್ನ ಹೋಲಿಸಿ ನೋಡಿ. ಅಂಕಿಯೇ ಇಲ್ಲದ ಕೈಪಿಡಿ ಇದ್ರೆ ಅಳೆದಿಲ್ಲ ಅಂತಲೇ ತಿಳೀರಿ.

ಈಗಿನ ಮಿಷನ್ನಲ್ಲಿ ಇದ್ದಕ್ಕಿದ್ದ ಹಾಗೆ ನಡುಕ ಜಾಸ್ತಿ ಆಗಿದ್ರೆ ಇಂಜಿನ್ ಬಿಚ್ಚೋ ಮೊದಲು ಮುಂದಿನ ತುದಿ ನೋಡಿ. ಬ್ಲೇಡಿನ ತೂತು 25.4 ಮಿಲಿಮೀಟರ್, ಕೆಲವು ಮಿಷನ್ನಿನ ಕುತ್ತಿಗೆ 20. ದೊಡ್ಡ ತೂತಿನದ್ದನ್ನ ಸಣ್ಣ ಕುತ್ತಿಗೆಗೆ ಹಾಕಿದ್ರೆ ಬ್ಲೇಡ್ ಒಂದು ಬದಿಗೆ ವಾಲಿ ಕೂರುತ್ತೆ, ನಟ್ ಎಷ್ಟೇ ಬಿಗಿಮಾಡಿದ್ರೂ ನಡುಗುತ್ತೆ. ಕಲ್ಲಿಗೆ ಬಡಿದು ಒಂದು ಹಲ್ಲು ಹೋದ್ರೂ ಹಾಗೇ. ದಾರದ ತಲೇಲಿ ಒಂದು ಎಳೆ ತುಂಡಾಗಿ ಇನ್ನೊಂದು ಉದ್ದ ಇದ್ರೂ ಹಾಗೇ. ಇವೆಲ್ಲ ಸರಿ ಇದ್ರೆ ಆಮೇಲೆ ಹ್ಯಾಂಡಲ್ ಬುಡದ ರಬ್ಬರ್ ಬುಷ್. ಪೆಟ್ರೋಲ್ ತಾಗಿ ತಾಗಿ ಅದು ಮೆತ್ತಗಾಗಿರುತ್ತೆ, ಕಡಿಮೆ ದುಡ್ಡಿನ ಸಾಮಾನು.

ಎರಡೆಕರೆ:
ಬ್ಲೇಡ್ ನಟ್ ಬಲಕ್ಕೆ ಗಟ್ಟಿಯಾಗಿ ತಿರುಗಿಸಿದ್ರೂ ಸಡಿಲ ಆಗುತ್ತೆ, ಅದಕ್ಕೇನು?

ಘಟ್ಟದಕೆಳಗೆ:
ಬಲಕ್ಕೆ ತಿರುಗಿಸಿದ್ರೆ ಬಿಚ್ಚುತ್ತದೆ ಮಾರಾಯ್ರೆ, ಅದು ಉಲ್ಟಾ ಥ್ರೆಡ್! ಎಡಕ್ಕೆ ತಿರುಗಿಸಿ ಬಿಗಿಮಾಡಬೇಕು. ಬ್ಲೇಡಿನ ಮೇಲಿರುವ ಗೇರ್ ಹೆಡ್ಡಿನ (ಗೇರ್ ಡಬ್ಬದ) ಪಕ್ಕದ ತೂತಿಗೆ ಕಡ್ಡಿ ಹಾಕಿ ತಡೆದು ಹಿಡಿದೇ ಮಾಡಿ. ನಟ್ಟಿನ ಒಳಗಿನ ಪ್ಲಾಸ್ಟಿಕ್ ಬಳೆ ಸವೆದು ಕೈಯಲ್ಲೇ ತಿರುಗುವ ಹಾಗಾಗಿದ್ರೆ ಹೊಸ ನಟ್ ಹಾಕಿ.

ಸೋಗೆಗೂಡು:
ಇಷ್ಟೆಲ್ಲ ಯಾಕೆ? ಕಳೆನಾಶಕ ಹೊಡೀರಿ, ಒಂದು ಕ್ಯಾನಲ್ಲಿ ಮುಗೀತು.

ಮಲೆನಾಡಹೆಣ್ಣುಮಗಳು:
ಯಾವುದು, ಗ್ಲೈಫೋಸೇಟಾ? 2022ರ ಅಕ್ಟೋಬರಿನಲ್ಲೇ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ, ಪರವಾನಗಿ ಇರೋ ಕೀಟ ನಿಯಂತ್ರಕರ ಮೂಲಕ ಮಾತ್ರ ಬಳಸಬೇಕು ಅಂದಿತ್ತು. ಅದು ಬಿಡಿ, ಧರೆ ಮೇಲಿನ ಹುಲ್ಲು ಬೇರು ಸಮೇತ ಸತ್ತರೆ ಆರಿದ್ರೆ ಮಳೇಲಿ ಧರೆಯೇ ಕುಸಿಯುತ್ತೆ. ಮಲೆನಾಡಲ್ಲಿ ಹುಲ್ಲು ಇರಬೇಕು, ಎತ್ತರ ಇರಬಾರದು ಅಷ್ಟೆ. ಎರಡು ಮೂರು ಇಂಚು ಬಿಟ್ಟೇ ಹೊಡೀಬೇಕು, ಮಣ್ಣು ಕೆರೆಯೋ ಹಾಗಲ್ಲ.

ಸೋಗೆಗೂಡು:
ಸರಿ ಸರಿ, ಸುಮ್ನೆ ಹೇಳ್ದೆ.

ಕಾಫಿಸಾಲು:
ಮೆಣಸಿದೆ ಅಂದಿದ್ದಾರಲ್ಲ, ಅದಕ್ಕೆ ಒಂದು ಮಾತು. ಬಳ್ಳಿ ಬುಡದ ಹತ್ರ ನೈಲಾನ್ ದಾರ ತರಲೇಬೇಡಿ. ಬ್ಲೇಡ್ ತಾಗಿದ್ರೆ ಕಾಣುತ್ತೆ. ದಾರ ತಾಗಿದ್ರೆ ಸಿಪ್ಪೆ ಸುತ್ತ ಸುಲಿದಿರೋದು ಗೊತ್ತೇ ಆಗಲ್ಲ, ಮಳೆಗಾಲದಲ್ಲಿ ಆ ಗಾಯದಿಂದಲೇ ಸೊರಗು ರೋಗ ಒಳಗೆ ಹೋಗುತ್ತೆ. ಬುಡದ ಸುತ್ತ ಎರಡಡಿ ಕತ್ತಿಯಲ್ಲೇ ಬಿಡಿಸಿ. ಎಳೇ ಅಡಿಕೆ ಸಸಿಗೂ ಇದೇ ಮಾತು. ಡ್ರಿಪ್ ಪೈಪ್ ಇದ್ರೆ ಮೊದಲೇ ಎತ್ತಿ ಮರಕ್ಕೆ ಸಿಕ್ಕಿಸಿ.

ಏನು ಎಲ್ಲಿಗೆ ಅಂತ ಕೇಳೋದಾದ್ರೆ: ಎಳೇ ಹುಲ್ಲಿಗೆ, ಕಲ್ಲಿರೋ ಜಾಗಕ್ಕೆ 2.4ರಿಂದ 3 ಮಿಲಿಮೀಟರ್ ದಾರ. ಬಲಿತ ಹುಲ್ಲಿಗೆ, ನಾಚಿಕೆಮುಳ್ಳಿಗೆ ಮೂರು ಹಲ್ಲಿನ ಬ್ಲೇಡ್. ಕಮ್ಯುನಿಸ್ಟ್ ಗಿಡ, ಲಂಟಾನ ಮೊಳಕೆಗೆ 40 ಹಲ್ಲಿನದ್ದು. 80 ಹಲ್ಲಿನದ್ದನ್ನ ಹುಲ್ಲಿಗೆ ಹಾಕ್ಬೇಡಿ, ಹುಲ್ಲು ಸಿಕ್ಕಿಕೊಂಡು ಬರೀ ಉಜ್ಜುತ್ತೆ. ಗಟ್ಟಿ ಕಾಂಡ ಕಡಿಯುವಾಗ ಬ್ಲೇಡನ್ನ ಗಡಿಯಾರ ಅಂದ್ಕೊಂಡ್ರೆ 12ರಿಂದ 2 ಗಂಟೆ ನಡುವಿನ ಭಾಗ ತಾಗಿಸ್ಬೇಡಿ. ಹಿಂದಕ್ಕೆ ಚಿಮ್ಮೋದು ಅಲ್ಲಿಂದಲೇ.

ಎರಡೆಕರೆ:
ದಾರದ ತಲೆ ಹಾಕಿದ್ರೆ ನಮ್ ಕಡೆ ಗಾರ್ಡ್ ತೆಗೆದುಬಿಡ್ತಾರೆ, ದಾರ ಉದ್ದ ಬಿಟ್ರೆ ಒಂದೇ ಬೀಸಿಗೆ ಜಾಸ್ತಿ ಅಗಲ ಹೋಗುತ್ತೆ ಅಂತ.

ಗೇರ್‌ಹೆಡ್:
ಕ್ಲಚ್ ಸುಟ್ಟ ವಾಸನೆ ಬರೋದೂ ಅದರಿಂದಲೇ. ಗಾರ್ಡಿನ ತುದೀಲಿರೋ ಚಿಕ್ಕ ಚೂರಿ ದಾರವನ್ನ ಇಂಜಿನ್ ತಡೆಯೋ ಉದ್ದಕ್ಕೆ ಕತ್ತರಿಸೋಕೆ ಇರೋದು. ದಾರ ಉದ್ದ ಆದ್ರೆ ಇಂಜಿನ್ ವೇಗ ಹತ್ತಲ್ಲ, ಕ್ಲಚ್ ಅರ್ಧ ಹಿಡಿದು ಅರ್ಧ ಜಾರುತ್ತೆ, ಬಿಸಿ ಆಗುತ್ತೆ, ನಡುಕವೂ ಜಾಸ್ತಿ. ಕಲ್ಲು ಮುಖಕ್ಕೆ ಬರೋದು ಬೇರೆ. ಅಕ್ಕಪಕ್ಕ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಕೈಪಿಡೀಲಿ ಬರೆದಿರೋದು ಗಾರ್ಡ್ ಇದ್ದಾಗಲೇ! ಮತ್ತೆ, ದಾರ ಒಣಗಿದ್ರೆ ಚೂರುಚೂರಾಗುತ್ತೆ. ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಬಾಳಿಕೆ ಬರುತ್ತೆ.

ಬೆಂಗಳೂರುಹಿತ್ತಿಲು:
ಬ್ಯಾಟರಿದು ಯಾರೂ ಹೇಳಿಲ್ವಲ್ಲ. ಸದ್ದಿಲ್ಲ, ಹೊಗೆ ಇಲ್ಲ, ಹಗ್ಗ ಎಳೆಯೋ ಹಾಗಿಲ್ಲ, ನಡುಕ ಬಹಳ ಕಮ್ಮಿ.

ಕಾಫಿಸಾಲು:
ಸೈಟಿನ ಹುಲ್ಲಿಗೆ ಅದಕ್ಕಿಂತ ಒಳ್ಳೇದಿಲ್ಲ, ನಿಜ. ಎರಡೂವರೆ ಎಕರೆಗೆ ಬ್ಯಾಟರಿ ಮೂರ್ನಾಲ್ಕು ಬೇಕಾಗುತ್ತೆ, ಒಂದೊಂದರ ಬೆಲೆ ಕೇಳಿದ್ರೆ ಪೆಟ್ರೋಲ್ ಮಿಷನ್ನೇ ಬರುತ್ತೆ. ಮಳೆಗಾಲದ ಮಲೆನಾಡಲ್ಲಿ ಕರೆಂಟ್ ನಂಬಿ ಚಾರ್ಜಿಗೆ ಇಡೋದು ಬೇರೆ.

ಬಯಲುಸೀಮೆಬಸವ:
2 ಸ್ಟ್ರೋಕೋ 4 ಸ್ಟ್ರೋಕೋ, ಅದನ್ನೂ ಹೇಳಿಬಿಡ್ರಿ.

ಗೇರ್‌ಹೆಡ್:
ಮೈಗೆ ಆರಾಮ ಅಂದ್ರೆ 4 ಸ್ಟ್ರೋಕ್: ಸದ್ದಿನ ದನಿ ತಗ್ಗು, ಹೊಗೆ ಕಮ್ಮಿ, ಪೆಟ್ರೋಲ್ ಕಮ್ಮಿ. ಆದರೆ ತೂಕ ಒಂದು ಒಂದೂವರೆ ಕೆಜಿ ಜಾಸ್ತಿ. ಆಯಿಲ್ ನೋಡ್ತಾ ಇರ್ಬೇಕು. ಜಿಎಕ್ಸ್35ಗೆ ಹಿಡಿಯೋದೇ 100 ಮಿಲಿ, 20 ಮಿಲಿ ಕಮ್ಮಿಯಾದ್ರೂ ಲೆಕ್ಕಕ್ಕೆ ಬರುತ್ತೆ. ಮೊದಲ ಸಲ 10 ಗಂಟೆಗೆ, ಆಮೇಲೆ 50 ಗಂಟೆಗೊಮ್ಮೆ ಬದಲಾಯಿಸಿ. 100 ಮಿಲಿಗಿಂತ ಜಾಸ್ತಿ ಸುರಿದ್ರೆ ಬಿಳಿ ಹೊಗೆ.

2 ಸ್ಟ್ರೋಕ್ ಹಗುರ, ಸರಳ, ಎಲ್ಲ ಕಡೆ ರಿಪೇರಿ ಆಗುತ್ತೆ. ಪೆಟ್ರೋಲಿಗೆ ಆಯಿಲ್ ಬೆರೆಸುವಾಗ ಕಣ್ಣಳತೆ ಬೇಡ. ಕೈಪಿಡೀಲಿ 50ಕ್ಕೆ 1 ಅಂತಿದ್ರೆ ಲೀಟರಿಗೆ 20 ಮಿಲಿ, 25ಕ್ಕೆ 1 ಅಂತಿದ್ರೆ 40 ಮಿಲಿ. ಔಷಧಿ ಅಂಗಡೀಲಿ ಸಿಗೋ ಸಿರಿಂಜ್ ಸಾಕು.

ಎರಡೆಕರೆ:
ಈಗ ಬರ್ತಿರೋ ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ತೊಂದರೆ ಇಲ್ವಾ?

ಗೇರ್‌ಹೆಡ್:
ದಿನಾ ಓಡಿಸಿದ್ರೆ ಅಷ್ಟಿಲ್ಲ. ತೊಂದರೆ ಇರೋದು ನಿಲ್ಲಿಸಿ ಇಟ್ಟಾಗ. ಎಥನಾಲ್ ಗಾಳಿಯ ತೇವ ಹೀರುತ್ತೆ, ನೀರು ಜಾಸ್ತಿಯಾದ್ರೆ ಬೇರೆಯಾಗಿ ತಳಕ್ಕೆ ಕೂರುತ್ತೆ, ಪೈಪು ಎಳೆಯೋದು ತಳದ್ದನ್ನೇ. ಕಾರ್ಬೊರೇಟರಿನ ತೆಳು ಡಯಾಫ್ರಾಮ್ ಗಟ್ಟಿಯಾದ್ರೆ ಚೋಕ್ ಹಾಕಿದಾಗ ಮಾತ್ರ ಓಡುತ್ತೆ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲೋ ತನಕ ಓಡಿಸಿ, ಆಮೇಲೆ ಪ್ರೈಮರ್ ಗುಳ್ಳೆ ಒತ್ತಿ ಉಳಿದದ್ದೂ ತೆಗೀರಿ.

ಧರೆಮೇಲಿನತೋಟ:
ಸಬ್ಸಿಡೀಲಿ ಸಿಗುತ್ತಾ?

ಮಲೆನಾಡಹೆಣ್ಣುಮಗಳು:
ಕೃಷಿ ಯಾಂತ್ರೀಕರಣ ಯೋಜನೇಲಿ ಬರುತ್ತೆ. ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ ಪಂಗಡಕ್ಕೆ ಶೇ. 90, ಮಿತಿಗೆ ಒಳಪಟ್ಟು. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇರ್ಬೇಕು, ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಪಟ್ಟಿಯಲ್ಲಿರೋ ಮಾದರಿ ಮಾತ್ರ ಸಿಗೋದು. ಮೊದಲು ಪಟ್ಟಿ ಕೇಳಿ, ಅದರಲ್ಲಿ ನಿಮ್ಮ ಮೈಗೆ ಹೊಂದೋದು ಇದ್ರೆ ಮಾತ್ರ ಅರ್ಜಿ ಹಾಕಿ. ಸಬ್ಸಿಡಿ ಆಸೆಗೆ ಹತ್ತು ಕೆಜಿದು ತಂದು ಅಟ್ಟದಲ್ಲಿ ಇಡೋದು ಬೇಡ.

ಸೋಗೆಗೂಡು:
ಈ ಸಲ ತಮಾಷೆ ಅಲ್ಲ. ಸಾಗರದ ಕಡೆ ಅಂದ್ರಿ, ಚಳಿಗಾಲ ಬೇಸಗೇಲಿ ಕಾಡಂಚಿನ ಹುಲ್ಲು ಹೊಡೆಯುವಾಗ ಉಣುಗಿನ ಬಗ್ಗೆ ಜಾಗ್ರತೆ. ಮಂಗನ ಕಾಯಿಲೆ ಇರೋ ಸೀಮೆ. ಆರೋಗ್ಯ ಕೇಂದ್ರದಲ್ಲಿ ಕೊಡೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಬೆಲ್ಟನ್ನೂ ಮನೆ ಒಳಗೆ ತರಬೇಡಿ, ಬಿಸಿಲಿಗೆ ಕೊಡವಿ ಹಾಕಿ.

ಗೇರ್‌ಹೆಡ್:
ಒಳ್ಳೇ ಮಾತು. ಕಣ್ಣಿಗೆ ಜಾಲರಿ ಮುಖವಾಡ ಹಾಕಿದ್ರೂ ಒಳಗೊಂದು ಕನ್ನಡಕ ಇರಲಿ. ಕಿವಿಗೆ ಮಫ್, ಹತ್ತಿ ತುರುಕಿದ್ರೆ ಸಾಲದು.

ಧರೆಮೇಲಿನತೋಟ:
ಎಲ್ಲ ಓದಿದೆ. ಹಳೇ ಮಿಷನ್ನಿಗೇ ಸೊಂಟದ ಪಟ್ಟಿ ಇರೋ ಡಬಲ್ ಬೆಲ್ಟ್ ಮೊದಲು ತಗೊಂಡು, ರಬ್ಬರ್ ಬುಷ್ ಬದಲಾಯಿಸ್ತೀನಿ. ಹೊಸದು ತಗೊಳೋದಾದ್ರೆ 25 ಅಥವಾ 35 ಸಿಸಿ, ಲೂಪ್ ಹ್ಯಾಂಡಲ್. ಬೆಲ್ಟ್ ಬೇರೆ ಕಂಪನಿದು ಹಾಕಿದ್ರೆ ನಡೆಯುತ್ತಾ?

ಗೇರ್‌ಹೆಡ್:
ನಡೆಯುತ್ತೆ. ಕೊಕ್ಕೆಗೂ ಪೈಪಿನ ಬಳೆಗೂ ಹೊಂದಬೇಕು ಅಷ್ಟೆ. ಕೆಲವದ್ರಲ್ಲಿ ಬಳೆ, ಕೆಲವದ್ರಲ್ಲಿ ಸಾಲು ತೂತಿನ ಪಟ್ಟಿ. ಅಂಗಡಿಗೆ ಮಿಷನ್ನನ್ನೇ ತಗೊಂಡು ಹೋಗಿ, ಹಾಕ್ಕೊಂಡು, ಕೈ ಬಿಟ್ಟು ನೋಡಿ. ತುರ್ತು ಪಿನ್ ಭಾರ ಇದ್ದಾಗಲೇ ಎಳೆದು ನೋಡಿ, ಕೆಳಗೆ ಗೋಣಿ ಹಾಸಿ. ಖಾಲಿ ಕೊಕ್ಕೇಲಿ ಸಲೀಸಾಗಿ ಬರೋ ಪಿನ್ ಏಳು ಕೆಜಿ ನೇತಾಡುವಾಗ ಸಿಕ್ಕಿಕೊಳ್ಳೋದುಂಟು.

ಬಯಲುಸೀಮೆಬಸವ:
ಬ್ಯಾಕ್ ಪ್ಯಾಕಿನ ವೈರ್ ಆಗಾಗ ತುಂಡಾಗ್ತದಂತ, ಹೌದೇನ್ರಿ?

ಘಟ್ಟದಕೆಳಗೆ:
ಗ್ರೀಸ್ ಹಾಕದಿದ್ರೆ ಆಗ್ತದೆ. 20–25 ಗಂಟೆಗೊಮ್ಮೆ, ಇಂಜಿನ್ನಿನಿಂದ ಬ್ಲೇಡಿನ ಕಡೆಗೆ ಪೈಪಿನೊಳಗೆ ತಿರುಗುವ ಆ ಕೇಬಲ್ ಎಳೆದು ಒರೆಸಿ, ಹೊಸ ಗ್ರೀಸ್ ತೆಳುವಾಗಿ ಹಚ್ಚಿ, ತುದಿ ಅದಲು ಬದಲು ಮಾಡಿ ಹಾಕ್ಲಿಕ್ಕೆ ಬರುವುದಾದ್ರೆ ಹಾಗೇ ಹಾಕಿ. ಪೈಪನ್ನು ಬೆನ್ನ ಹಿಂದಕ್ಕೆ ಪೂರ್ತಿ ಮಡಚಿ ಆಕ್ಸಿಲರೇಟರ್ ಒತ್ತಬಾರದು, ಬಾಗಿದ ಜಾಗದಲ್ಲೇ ಬಿಸಿಯಾಗಿ ತುಂಡಾಗುವುದು. ಗೇರ್ ಹೆಡ್ಡಿಗೂ ಅದೇ ಹೊತ್ತಿಗೆ ಗ್ರೀಸ್ ಹಾಕಿಬಿಡಿ, ಪಕ್ಕದ ಸ್ಕ್ರೂ ಬಿಚ್ಚಿ ಸ್ವಲ್ಪವೇ ಸ್ವಲ್ಪ. ತುಂಬಿಸಿದ್ರೆ ಬಿಸಿಗೆ ಉಬ್ಬಿ ಆಯಿಲ್ ಸೀಲ್ ಹೊರಗೆ ಬರ್ತದೆ.

ಎರಡೆಕರೆ:
ಮಾಮೂಲಿ ಬೇರಿಂಗ್ ಗ್ರೀಸ್ ಆಗುತ್ತಾ?

ಘಟ್ಟದಕೆಳಗೆ:
ಲಿಥಿಯಂ ಗ್ರೀಸ್ ಆಗ್ತದೆ.